ಹೋಲಿಕೆಗಿಟ್ಟ ತುಂಡು

ನಡುರಾತ್ರಿ ಕಳೆದ ಮೇಲೆ ಬಚ್ಚಲುಮನೆಯಿಂದ ಒಂದು ಸದ್ದು ಬಂತು. ಸದ್ದು ಅನ್ನುವುದೂ ದೊಡ್ಡ ಮಾತೇ. ನಾಲ್ಕು ಹನಿ, ಒಂದು ನಿಲುಗಡೆ, ಮತ್ತೆರಡು ಹನಿ. ಆಮೇಲೆ ಚೊಂಬಿನಿಂದ ನೀರು ಸುರಿದದ್ದು ಕೇಳಿತು. ಒಂದು ಸಲ, ಇನ್ನೊಂದು ಸಲ, ಮತ್ತೂ ಒಂದು ಸಲ. ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ. ಸೊಸೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಮನೆಯಲ್ಲಿ ಯಾರು ಎದ್ದರು, ಯಾರು ಕೆಮ್ಮಿದರು ಎಂದು ಕಿವಿಗೊಟ್ಟು ಮಲಗುವುದು ಅವಳಿಗೆ ಅಂಟಿದ ಚಟ. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟೊಂದು ನೀರು ಯಾಕೆ ಎಂಬುದು ಅವಳ ತಲೆಯಲ್ಲಿ ಸಿಕ್ಕಿಕೊಂಡಿತು. ಕಾಣಬಾರದ್ದೇನೋ ಇದ್ದಾಗ ಮಾತ್ರ ಜನ ಹಾಗೆ ಸುರಿಯುತ್ತಾರೆ.

ಅವಳು ಎದ್ದು ಹೋದಾಗ ಮಾವ ಬಾಗಿಲು ಹಿಡಿದುಕೊಂಡು ನಿಂತಿದ್ದರು.

“ಯಾಕಮ್ಮ ಎದ್ದೆ? ನಿದ್ದೆ ಬರ್ಲಿಲ್ವಾ?”

“ಬಣ್ಣ ಇತ್ತಾ ಮಾವ?”

“ಬಣ್ಣದ ಕಾರ್ಖಾನೇಲಿ ಮೂವತ್ತು ವರ್ಷ ಬಟ್ಟೆ ಅದ್ದಿದವನನ್ನ ಬಣ್ಣ ಇತ್ತಾ ಅಂತ ಕೇಳ್ತೀಯಲ್ಲ,” ಎಂದು ಅವರು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. “ಇತ್ತು. ನಾಲ್ಕು ದಿನದಿಂದ ಇದೆ. ನಿಮ್ಮತ್ತೆಗೆ ಹೇಳ್ಬೇಡ, ಬೀದಿಗೆಲ್ಲ ಕೇಳೋ ಹಾಗೆ ಅಳ್ತಾಳೆ.”

ಮೂತ್ರದಲ್ಲಿ ರಕ್ತ ಹೊಸ ಸುದ್ದಿಯೇನಲ್ಲ, ಹಳೆಯದೇ ತಿರುಗಿ ಬಂದದ್ದು. ಒಂಬತ್ತು ವರ್ಷದ ಕೆಳಗೆ, ಅವಳಿನ್ನೂ ಈ ಮನೆಗೆ ಸೊಸೆಯಾಗಿ ಬಂದಿರದ ಕಾಲದಲ್ಲಿ, ಮಾವನ ಮೂತ್ರಕೋಶದಿಂದ ಒಂದು ಗಡ್ಡೆ ತೆಗೆದಿದ್ದರು. ಆಮೇಲೆ ಐದು ವರ್ಷ ಕರೆದಾಗಲೆಲ್ಲ ಆಸ್ಪತ್ರೆಗೆ ಹೋದರು, ನಳಿಕೆ ಹಾಕಿಸಿಕೊಂಡು ಒಳಗೆ ತೋರಿಸಿದರು, ಹಲ್ಲು ಕಚ್ಚಿಕೊಂಡು ವಾಪಸು ಬಂದರು. ಐದನೇ ವರ್ಷ ಎಲ್ಲ ಸರಿಯಾಗಿದೆ ಎಂದದ್ದೇ ತಡ, “ಇನ್ನು ಆ ಕಡೆ ತಲೆ ಹಾಕಿಯೂ ಮಲಗಲ್ಲ” ಎಂದುಬಿಟ್ಟರು. ವರ್ಷಕ್ಕೊಮ್ಮೆಯಾದರೂ ಬನ್ನಿ ಎಂದು ಆಸ್ಪತ್ರೆಯಿಂದ ಫೋನು ಬರುತ್ತಿತ್ತು. ಎತ್ತುವವರಿರಲಿಲ್ಲ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಆಗ ಒಂದೆರಡು ಸಲ ಹೇಳಿ ನೋಡಿದಳು, ಆಮೇಲೆ ಸುಮ್ಮನಾದಳು. ಆರೋಗ್ಯವಾಗಿರುವ ಮನುಷ್ಯನನ್ನು ಪೀಡಿಸುವುದು ಅವಳಿಗೂ ಬೇಕಿರಲಿಲ್ಲ.

ಈಗ ಮತ್ತೆ ನಳಿಕೆ, ಮತ್ತೆ ಗಡ್ಡೆ. ಗಾತ್ರ ಸಣ್ಣದು. ಅದನ್ನು ಕೆರೆದು ತೆಗೆದು ಪರೀಕ್ಷೆಗೂ ಕಳಿಸಿದ್ದಾಯಿತು. ಫಲಿತಾಂಶ ಹೇಳಲು ಕರೆದ ದಿನ ಅವಳೂ ಗಂಡನೂ ಮಾವನ ಎರಡು ಪಕ್ಕ ಕುಳಿತರು. ಮೂತ್ರರೋಗದ ಡಾಕ್ಟರು ಮೇಜಿನ ಮೇಲಿನ ಕಾಗದ ಒತ್ತುವ ಕಲ್ಲನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತ ಮಾತಾಡುವವರು.

“ಇದು ಎರಡೂ ಕಡೆ ಕಾಲಿಟ್ಟುಕೊಂಡು ನಿಂತಿದೆ,” ಎಂದರು. “ಮೂತ್ರದ ಚೀಲದೊಳಗೆ ವಾರಕ್ಕೊಂದು ಸಲ ಔಷಧಿ ಬಿಟ್ಟು ನೋಡಬಹುದು. ಅಥವಾ ಮೂತ್ರಕೋಶವನ್ನೇ ತೆಗೆದುಬಿಡಬಹುದು. ಹೊಸ ಗಡ್ಡೆ ಎಷ್ಟು ಹಟಮಾರಿ ಅಂತ ತಿಳಿಯೋಕೆ ಮಾರ್ಕರ್ ಪರೀಕ್ಷೆ ಮಾಡಿಸಿದೆ, ಅದು ನಡುವೆ ಬಂದಿದೆ, ಅತ್ತ ಇತ್ತ ಏನೂ ಹೇಳ್ತಿಲ್ಲ. ಒಂಬತ್ತು ವರ್ಷದ ಹಿಂದಿನ ಗಡ್ಡೆ ನಿಮ್ಮ ಲ್ಯಾಬಲ್ಲಿ ಇರಬೇಕಲ್ಲಮ್ಮ? ಅದಕ್ಕೂ ಮಾಡಿಸಿ. ಅದರಲ್ಲಿ ಗಟ್ಟಿಯಾಗಿ ಬಂದ್ರೆ ಇದೂ ಅದೇ ಜಾತಿ ಬೇರು, ಔಷಧಿಗೆ ಬಗ್ಗಲ್ಲ ಅಂತ ತಿಳ್ಕೊಂಡು ತೆಗೆದುಬಿಡ್ತೀನಿ. ಕಾಯೋದಿಲ್ಲ.”

“ಬರ್ಲಿಲ್ಲ ಅಂದ್ರೆ?” ಮಾವ ಕೇಳಿದರು.

“ಬರ್ಲಿಲ್ಲ ಅಂದ್ರೂ, ಪರೀಕ್ಷೆ ಮಾಡೋಕೆ ಆಗ್ಲಿಲ್ಲ ಅಂದ್ರೂ, ಮೊದಲು ಔಷಧಿ ಬಿಟ್ಟು ನೋಡೋಣ. ನೋಡಿ, ಈ ಮಾರ್ಕರ್ ಏನೂ ಬ್ರಹ್ಮಲಿಪಿ ಅಲ್ಲ. ತಕ್ಕಡಿಗೆ ಹಾಕೋ ಒಂದು ತೂಕದ ಬೊಟ್ಟು, ಅಷ್ಟೇ.”

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಾವ ಸೊಸೆಯ ಕಡೆ ತಿರುಗಿದರು. ಮಗ ಒಳಗೆ ಹೋಗಿ ಆಗಿತ್ತು.

“ಚೀಲ ತೆಗೆದ್ರೆ ಹೊಟ್ಟೆ ಮೇಲೆ ಇನ್ನೊಂದು ಚೀಲ ಕಟ್ತಾರಂತೆ. ಹೌದಾ?”

“ಹೌದು ಮಾವ. ಆದ್ರೆ ಅಭ್ಯಾಸ ಆಗುತ್ತೆ ಅಂತಾರೆ.”

“ಅಂತಾರೆ. ಕಟ್ಟಿಕೊಂಡವರು ಅಂತಾರಾ, ಕಟ್ಟೋರು ಅಂತಾರಾ?” ಅವರು ಗೋಡೆ ಹಿಡಿದು ಚಪ್ಪಲಿ ಬಿಟ್ಟರು. “ಆಸ್ಪತ್ರೆ ಒಳಗೆ ನೀನಿದ್ದೀಯಮ್ಮ. ಅವರ ಕೈ ಸ್ವಲ್ಪ ತಡಿ. ಸುಳ್ಳು ಹೇಳು ಅಂತಿಲ್ಲ. ಸಂಶಯ ಇದ್ರೆ ನನ್ನ ಕಡೆಗಿರ್ಲಿ, ಅಷ್ಟೇ ಕೇಳೋದು.”

ಅವಳು ತಲೆಯಾಡಿಸಿದಳು. ಒಪ್ಪಿದೆ ಎಂದೋ, ಕೇಳಿಸಿತು ಎಂದೋ ಅವಳಿಗೇ ತಿಳಿಯಲಿಲ್ಲ.

ಅವಳ ಲ್ಯಾಬು ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿತ್ತು. ಗೋಡೆಯ ಆಚೆ ಇಡೀ ದಿನ ದೊಡ್ಡ ಡ್ರಮ್ಮು ಉರುಳುವ ಸದ್ದು. ಈಚೆ ಮೇಣ ಕರಗಿದ ವಾಸನೆ, ಅದರ ಮೇಲೆ ಮೂಗಿಗೆ ಚುಚ್ಚುವ ಔಷಧಿಯ ವಾಸನೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಂಡುಗಳು ಅಲ್ಲಿಗೆ ಬರುತ್ತವೆ. ಅವನ್ನು ಬಿಳಿ ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಅಚ್ಚು ಮಾಡಿ, ನಂಬರು ಬರೆದು ಬೀರುವಿನಲ್ಲಿಡುತ್ತಾರೆ. ಬೇಕಾದಾಗ ಆ ಅಚ್ಚನ್ನು ಯಂತ್ರಕ್ಕೆ ಕಚ್ಚಿಸಿ, ಚಕ್ರ ತಿರುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳು ತೆಗೆದು ಗಾಜಿನ ಪಟ್ಟಿಯ ಮೇಲೆ ಹಿಡಿಯುತ್ತಾರೆ. ಈ ಸೀಳು ತೆಗೆಯುವ ಕೆಲಸದಲ್ಲಿ ಸೊಸೆಯ ಕೈ ಪಳಗಿತ್ತು. ಮನೆಯಲ್ಲಿ ಲೋಟ ಬಿದ್ದರೆ ಬೆಚ್ಚುವವಳು ಯಂತ್ರದ ಮುಂದೆ ಕುಳಿತರೆ ಕಲ್ಲು.

ಅಲ್ಲಿ ಕೆಲವು ವರ್ಷಗಳಿಂದ ಒಂದು ಅಧ್ಯಯನ ನಡೆದಿತ್ತು. ಮೂತ್ರಕೋಶದ ಗಡ್ಡೆ ತೆಗೆಸಿಕೊಂಡ ಹಳಬರ ಅಚ್ಚುಗಳನ್ನು ಹೊರತೆಗೆದು, ಒಂದು ಮಾರ್ಕರಿನ ಬಣ್ಣ ಹಾಕಿ ನೋಡುವುದು. ಹದ ತಪ್ಪಿ ಬೆಳೆಯುವ ಜೀವಕೋಶಗಳ ಒಳಗಿನ ಚುಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ, ಉಳಿದವು ನೀಲಿಯಾಗಿಯೇ ಇರುತ್ತವೆ. ಯಾರ ತುಂಡಿನಲ್ಲಿ ಕಂದು ಹೆಚ್ಚಿತ್ತೋ ಅವರಿಗೇ ಗಡ್ಡೆ ಮರಳಿತೇ, ಅವರೇ ಬೇಗ ಹೋದರೇ ಎಂದು ತಾಳೆ ನೋಡುವುದು. ಅದನ್ನು ನಡೆಸುತ್ತಿದ್ದವರು ಲ್ಯಾಬಿನ ಮುಖ್ಯ ಡಾಕ್ಟರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಆಮೇಲೆ ಏನಾಯಿತು ಎಂದು ಗೊತ್ತಿದ್ದವರ ಅಚ್ಚು ಮಾತ್ರ ಅವರ ಅಧ್ಯಯನಕ್ಕೆ ಬೇಕಿತ್ತು. ನಡುವೆ ಬರುವುದು ನಿಲ್ಲಿಸಿದವರು, ಫೋನು ಎತ್ತದವರು ಲೆಕ್ಕಕ್ಕಿಲ್ಲ.

ಬಣ್ಣ ಹಾಕುವ ಕೆಲಸಕ್ಕೊಂದು ಕಟ್ಟುನಿಟ್ಟಿದೆ. ಪ್ರತಿ ಗಾಜಿನ ಒಂದು ತುದಿಯಲ್ಲಿ, ಖಂಡಿತ ಕಂದಾಗುತ್ತದೆ ಎಂದು ಗೊತ್ತಿರುವ ಬೇರೊಬ್ಬರ ತುಂಡಿನ ಚೂರೂ ಇರಬೇಕು. ಆ ಚೂರು ಕಂದಾದರೆ ಬಣ್ಣ ತನ್ನ ಕೆಲಸ ಮಾಡಿದೆ ಎಂದರ್ಥ. ಪೇಲವವಾದರೆ ಆ ದಿನದ ಸರಕೆಲ್ಲ ದಂಡ, ಬಣ್ಣದ ಹದ ಬದಲಿಸಿ ಮತ್ತೆ ಮೊದಲಿಂದ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಈ ಲ್ಯಾಬಿನ ಕಂಟ್ರೋಲಿಗೆ ಒಂದು ಅಡ್ಡಹೆಸರೂ ಇತ್ತು: ಕಂದಪ್ಪ. ಅದನ್ನಿಟ್ಟವಳು ಪಕ್ಕದ ಮೇಜಿನ ಹುಡುಗಿ. ಅವಳು ನಡೆಯುವುದೂ ಓಟ, ಮಾತಾಡುವುದೂ ಓಟ, ಆದ್ದರಿಂದ ಅವಳಿಗೆ ಎಲ್ಲರೂ ಇಟ್ಟ ಹೆಸರು ಗಡಿಬಿಡಿ.

“ಅಕ್ಕ, ಕಂದಪ್ಪ ಇವತ್ತು ಮುಖ ಊದಿಸ್ಕೊಂಡಿದಾನೆ, ನೋಡಿ ಬನ್ನಿ” ಎಂದು ಗಡಿಬಿಡಿ ಕೂಗುವಳು. ಸೊಸೆ ಹೋಗಿ ನೋಡಿ, “ಬಣ್ಣ ಇನ್ನೊಂಚೂರು ಹೊತ್ತು ಬಿಡು, ಸರಿ ಹೋಗ್ತಾನೆ” ಎನ್ನುವಳು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಡಾಕ್ಟರ ಬೇಡಿಕೆಯ ಚೀಟಿ ಲ್ಯಾಬಿಗೆ ಬಂದಾಗ ಅದನ್ನು ಮೊದಲು ತೆಗೆದವಳು ಗಡಿಬಿಡಿಯೇ.

“ಅಕ್ಕ, ನಿಮ್ಮ ಮಾವಂದು ಬಂತು. ನೀವು ಕೂತ್ಕೊಳ್ಳಿ, ನಾನೇ ಹುಡುಕ್ತೀನಿ,” ಎಂದು ಬೀರುವಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. “ಆ ವರ್ಷದ್ದು ಇಲ್ಲಿದೆ… ಇದೇ ಸಾಲು… ಅಯ್ಯೋ, ಜಾಗ ಖಾಲಿ ಇದೆಯಲ್ಲ! ಯಾರೋ ತೆಗೆದು ವಾಪಸು ಇಟ್ಟೇ ಇಲ್ಲ.” ಆಮೇಲೆ ಚೀಟಿ ನೋಡಿ ನಂಬರನ್ನು ಗಟ್ಟಿಯಾಗಿ ಓದಿದಳು.

ಸೊಸೆ ಕೈಲಿದ್ದ ಪೆನ್ಸಿಲನ್ನು ಕೆಳಗಿಟ್ಟಳು. ಅವಳು ಬೀರುವಿನ ಕಡೆ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ತನ್ನ ಮನೆಯ ಬಾಗಿಲಿನ ನಂಬರಿಗಿಂತ ಚೆನ್ನಾಗಿ ಅದು ಅವಳಿಗೆ ಬಾಯಿಪಾಠವಾಗಿತ್ತು. ಹತ್ತಿರ ಹತ್ತಿರ ನಾಲ್ಕು ವರ್ಷ, ಬಣ್ಣ ಹಾಕಿದ ದಿನವೆಲ್ಲ, ಅವಳೇ ಪೆನ್ಸಿಲಿನಿಂದ ಗಾಜಿನ ತುದಿಗೆ ಆ ನಂಬರು ಬರೆದಿದ್ದಳು.

“ಗಡಿಬಿಡಿ,” ಎಂದಳು. “ಫ್ರಿಜ್ಜಿನ ಬಾಗಿಲಲ್ಲಿ ನೋಡು.”

“ಅಲ್ಲಿ ಕಂದಪ್ಪ ಇರೋದಲ್ವಾ?”

“ಅದೇ.”

ಹುಡುಗಿ ಒಂದು ಸಲ ಚೀಟಿ ನೋಡಿದಳು, ಒಂದು ಸಲ ಅಕ್ಕನ ಮುಖ ನೋಡಿದಳು. ಯಾವತ್ತೂ ಓಡುವವಳು ಅವತ್ತು ನಿಧಾನಕ್ಕೆ ನಡೆದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು.

ಯಾರೂ ಕದ್ದು ಮಾಡಿದ್ದಲ್ಲ. ಮಾವ ಬರುವುದು ನಿಲ್ಲಿಸಿದ ಮೇಲೆ ಅವರ ಅಚ್ಚು ಅಧ್ಯಯನಕ್ಕೆ ಬೇಡವಾಯಿತು. ಬೇಡವಾದ ಅಚ್ಚುಗಳಲ್ಲೇ ದೊಡ್ಡದನ್ನು, ಚೆನ್ನಾಗಿ ಬಣ್ಣ ಹಿಡಿಯುವುದನ್ನು ಕಂಟ್ರೋಲಿಗೆ ಆರಿಸಿಕೊಳ್ಳುವುದು ಲ್ಯಾಬಿನ ವಾಡಿಕೆ. ಅಚ್ಚಿನ ಮೇಲೆ ಇರುವುದು ನಂಬರು, ಹೆಸರಲ್ಲ. ಬಿಟ್ಟು ಹೋದ ಮನುಷ್ಯ ತಿರುಗಿ ಬಂದು ನನ್ನದು ಕೊಡಿ ಎಂದು ಕೇಳಿಯಾನೆಂದು ಯಾರೂ ಎಣಿಸಿರಲಿಲ್ಲ.

ಸೊಸೆ ಅಚ್ಚನ್ನು ಬೆಳಕಿಗೆ ಹಿಡಿದಳು. ಒಂದು ಕಾಲದಲ್ಲಿ ಹುಣಸೆಬೀಜದಷ್ಟು ದಪ್ಪಗೆ ಕೂತಿದ್ದ ತುಂಡು ಈಗ ಉಗುರಿನ ಅಂಚು ಕತ್ತರಿಸಿ ಒಗೆದಷ್ಟೂ ಇರಲಿಲ್ಲ. ಉಳಿದದ್ದೆಲ್ಲ ಮೇಣ. ಊರಿನ ಗಡ್ಡೆಗಳನ್ನೆಲ್ಲ ಅಳೆಯುವುದಕ್ಕೆ ಮಾವನ ಗಡ್ಡೆಯನ್ನು ಸೀಳಿ ಸೀಳಿ ಮುಗಿಸಿದವಳು ಅವಳೇ.

ಮೇಡಂ ಅಚ್ಚನ್ನು ನೋಡಿ ಕನ್ನಡಕ ತೆಗೆದರು.

“ಎಷ್ಟು ಬರುತ್ತೆ?”

“ಒಂದು ಸೀಳು ಬಂದ್ರೆ ಪುಣ್ಯ ಮೇಡಂ.”

“ನಿನ್ನಷ್ಟು ಚೆನ್ನಾಗಿ ಇಲ್ಲಿ ಯಾರೂ ಸೀಳಲ್ಲ. ನೀನೇ ಮಾಡು. ಆದ್ರೆ ಚುಕ್ಕೆ ಎಣಿಸೋಕೆ ನೀನು ಕೂರಬೇಡ, ಮನೆಯವರದ್ದು. ಕಂಟ್ರೋಲಿಗೆ ಬೇರೆ ಕಡೆಯಿಂದ ಒಂದು ತರಿಸ್ತೀನಿ.”

ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟು ತಣ್ಣಗೆ ಮಾಡಿ, ಹೊಸ ಬ್ಲೇಡು ಹಾಕಿ, ಅವಳು ಚಕ್ರ ತಿರುಗಿಸಿದಳು. ಮೊದಲ ಸೀಳು ಬರೀ ಮೇಣ. ಎರಡನೆಯದೂ ಮೇಣ. ಮೂರನೆಯದರಲ್ಲಿ ಮೋಡದಂಥ ಒಂದು ಕಲೆ ಕಂಡಿತು. ಅದನ್ನು ಬ್ರಷ್ಷಿನ ತುದಿಯಿಂದ ಎತ್ತಿ, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜನ್ನು ಕೆಳಗಿನಿಂದ ತಂದು ಹಿಡಿದಳು. ಗಡಿಬಿಡಿ ಉಸಿರು ಬಿಗಿಹಿಡಿದು ಹಿಂದೆ ನಿಂತಿದ್ದಳು. ನಾಲ್ಕನೆಯ ಸೀಳಿನಲ್ಲಿ ಮತ್ತೆ ಮೇಣವೇ. ಅಲ್ಲಿಗೆ ಕಂದಪ್ಪ ಮುಗಿದ.

ಬಣ್ಣ ಹಾಕುವ ಮೊದಲು ಗಾಜನ್ನು ಕುದಿಯುವ ದ್ರಾವಣದಲ್ಲಿ ಇಡಬೇಕು. ಕುದಿದರೇ ಮಾರ್ಕರ್ ತೆರೆದುಕೊಳ್ಳುವುದು. ಗಟ್ಟಿಯಾದ ತುಂಡು ಅದನ್ನು ತಡೆದುಕೊಳ್ಳುತ್ತದೆ, ಚೂರುಪಾರು ತಡೆದುಕೊಳ್ಳುತ್ತದೆ ಎಂದು ಹೇಳುವ ಹಾಗಿಲ್ಲ. ಸಮಯ ಮುಗಿದು ಗಾಜನ್ನು ಮೇಲೆತ್ತಿದಾಗ ತರಿಸಿದ ಕಂಟ್ರೋಲ್ ಒಂದು ತುದಿಯಲ್ಲಿ ಕಚ್ಚಿಕೊಂಡಿತ್ತು. ಇನ್ನೊಂದು ತುದಿ ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛ. ಅವಳು ದ್ರಾವಣವನ್ನು ಬೋಸಿಗೆ ಸುರಿದು ದೀಪದ ಕೆಳಗೆ ಹುಡುಕಿದಳು. ಇಂಥದ್ದನ್ನು ಹುಡುಕಿದರೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಹುಡುಕಿದಳು.

“ಆಯ್ತು ಬಿಡು,” ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಕೋಣೆಯಲ್ಲಿ ಆ ಹೊತ್ತಿಗೆ ಎಲ್ಲರೂ ಸಿಟ್ಟಾಗುವುದಕ್ಕೂ ದಣಿದಿದ್ದರು. “ತುಂಡು ಸಾಲಲಿಲ್ಲ ಅಂತ ಬರೀತೀನಿ.”

ಗಡಿಬಿಡಿ ಬಾಯಿ ಹಾಕಿದಳು. “ಮೇಡಂ, ಅವರ ಚೂರು ನಮ್ಮ ಎಲ್ಲ ಗಾಜಲ್ಲೂ ಇದೆಯಲ್ಲ! ಸಾವಿರ ಕಡೆ ಇದೆ. ಅದರಲ್ಲೇ ಎಣಿಸಿದ್ರೆ ಆಯ್ತಲ್ಲ. ಕಂದು ಅಂದ್ರೆ ಕಂದು.”

“ಅವು ಕಂದು ಹೇಗಾದವು, ಹೇಳು?”

“ಹೇಗೆ ಅಂದ್ರೆ… ಬಣ್ಣ ಹಾಕಿದ್ವಿ.”

“ಕಂದಾಗೋ ತನಕ ಹಾಕಿದ್ರಿ. ಪೇಲವ ಬಂದ ದಿನ ಹದ ಬದಲಿಸಿ ಮತ್ತೆ ಹಾಕಿದ್ರಿ. ಬೊಟ್ಟನ್ನ ತಂದು ಅದೇ ಬೊಟ್ಟಿನ ಜೊತೆ ತೂಗಿದ್ರೆ ಸರಿಯಾಗೇ ತೂಗುತ್ತೆ ಕಣೇ. ಅದು ಸಾಕ್ಷಿ ಅಲ್ಲ.” ಮೇಡಂ ಸೊಸೆಯ ಕಡೆ ತಿರುಗಿದರು. “ನಾಳೆ ಸಂಜೆ ರಿಪೋರ್ಟು ಕಳಿಸ್ತೀನಿ. ನೀನು ಇವತ್ತು ಮನೆಗೆ ಹೋಗು.”

ಮನೆಯಲ್ಲಿ ಅತ್ತೆ ಕಿಟಕಿಯ ಹತ್ತಿರ ಬಟ್ಟೆ ಮಡಿಸುತ್ತ ಕಾಯುತ್ತಿದ್ದರು. ಆ ರಾತ್ರಿಯಾಗಿ ಮೂರು ದಿನಕ್ಕೇ ಅವರಿಗೂ ಎಲ್ಲ ಗೊತ್ತಾಗಿತ್ತು. ಮಾವ ಹೆದರಿದ್ದ ಹಾಗೇನೂ ಅವರು ಅತ್ತಿರಲಿಲ್ಲ. ಗಂಡನ ಪಂಚೆಗಳನ್ನೆಲ್ಲ ಒಗೆದು ಒಣಹಾಕಿದ್ದರು, ಅಷ್ಟೇ.

“ಏನಾಯ್ತೇ?”

“ಹಳೇ ತುಂಡು ಸಾಲಲಿಲ್ಲ ಅತ್ತೆ. ಪರೀಕ್ಷೆ ಆಗ್ಲಿಲ್ಲ.”

ಒಳಗಿನಿಂದ ಮಾವ ಬಂದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. “ಆಗ್ಲಿಲ್ವಾ? ಹಾಗಾದ್ರೆ ಔಷಧೀನೇ ತಾನೇ? ಡಾಕ್ಟರೇ ಹೇಳಿದಾರೆ, ನಾನಲ್ಲ.” ಅತ್ತೆಯ ಕಡೆ ತಿರುಗಿ, “ಕೇಳಿದ್ಯಾ? ನನ್ನನ್ನ ಇಡಿಯಾಗೇ ಇಟ್ಕೋಬೇಕು ಇನ್ನು ನೀನು,” ಎಂದರು.

“ಇಡಿಯಾಗಿದ್ದಾಗ ಏನು ಉಪಯೋಗಕ್ಕೆ ಬಂದಿರಿ?” ಎಂದರು ಅತ್ತೆ. ಹೇಳಿದವರೇ ನಕ್ಕರು. ನಗು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಆ ಸಂಜೆ ಮಾವ ಎರಡು ಲೋಟ ಚಹಾ ಕುಡಿದರು, ರೇಡಿಯೋ ಹಾಕಿದರು, ಕಾರ್ಖಾನೆಯಲ್ಲಿ ಯಾರೋ ನೀಲಿಯ ತೊಟ್ಟಿಗೆ ಕೆಂಪು ಸುರಿದು ಸಿಕ್ಕಿಬಿದ್ದ ಕತೆಯನ್ನು ನೂರನೆಯ ಸಲ ಹೇಳಿದರು. ಎಲ್ಲರೂ ಮೊದಲ ಸಲ ಕೇಳಿದಂತೆ ಕೇಳಿದರು.

ಸೊಸೆ ಮಾತ್ರ ನಡುವೆಯೇ ಎದ್ದು ಅಡಿಗೆಮನೆಗೆ ಹೋದಳು. ನಲ್ಲಿ ಬಿಟ್ಟುಕೊಂಡು, ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತ ನಿಂತಳು. ಮೇಡಂ ಬಾಯಿಂದ ಬೊಟ್ಟಿನ ಮಾತು ಕೇಳಿದ ಹೊತ್ತಿನಿಂದ ಅವಳ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಕಂದಪ್ಪ ಬೊಟ್ಟಾಗುವುದಕ್ಕೆ ಮೊದಲು ಒಂದು ದಿನ ಇತ್ತಲ್ಲ? ಯಾವ ಅಚ್ಚನ್ನು ಕಂಟ್ರೋಲ್ ಮಾಡಿಕೊಳ್ಳಬೇಕೆಂದು ಆರಿಸಿದ ದಿನ. ಬೇಡವಾದ ಐದಾರು ಅಚ್ಚುಗಳಿಂದ ಒಂದೊಂದು ಸೀಳು ತೆಗೆದು, ಬಣ್ಣದ ಕಂಪನಿಯೇ ಕೊಟ್ಟ ಮಾದರಿ ಗಾಜಿನ ಪಕ್ಕದಲ್ಲಿಟ್ಟು, ಒಂದೇ ಹದದಲ್ಲಿ, ಒಂದೇ ಸಲ ಬಣ್ಣ ಹಾಕಿದ್ದರು. ಅಂದು ಯಾರೂ ಯಾರನ್ನೂ ಕಂದು ಮಾಡಲು ಹೋಗಿರಲಿಲ್ಲ. ಆ ದಿನದ ಗಾಜುಗಳನ್ನಿಟ್ಟ ತಟ್ಟೆ ಸಾಕ್ಷಿಯಾಗುತ್ತದೆ.

ಆ ತಟ್ಟೆ ಎಲ್ಲಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಗಡಿಬಿಡಿ ಆಗಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಮೇಡಂ ಆ ತಿಂಗಳು ರಜೆಯಲ್ಲಿದ್ದರು. ಆ ಕೆಲಸ ಮಾಡಿಸಿದ ಹಿರಿಯ ಟೆಕ್ನಿಶಿಯನ್ ನಿವೃತ್ತರಾಗಿ ಮಗಳ ಮನೆ ಸೇರಿದ್ದರು. ಭೂಮಿಯ ಮೇಲೆ ಆ ತಟ್ಟೆಯ ನೆನಪಿದ್ದದ್ದು ಅವಳೊಬ್ಬಳಿಗೇ. ಅವಳು ಸುಮ್ಮನಿದ್ದರೆ ಅದು ಇಲ್ಲವೆಂದೇ ಲೆಕ್ಕ. ಸಂಶಯ ಮಾವನ ಕಡೆಗೇ ಇರುತ್ತದೆ, ಅವರು ಕೇಳಿದ ಹಾಗೆ. ಸುಳ್ಳನ್ನೂ ಹೇಳಿದಂತಾಗುವುದಿಲ್ಲ.

ಆ ಮಾರ್ಕರೇನೂ ಕೊನೆಯ ಮಾತಲ್ಲ. ಅಧ್ಯಯನದ ಗಾಜುಗಳಲ್ಲಿ ಪೂರ್ತಿ ಕಂದಾಗಿದ್ದೂ ಈಗಲೂ ಮೊಮ್ಮಕ್ಕಳನ್ನು ಶಾಲೆಗೆ ಬಿಡುವವರಿದ್ದರು. ನೀಲಿಯಾಗಿದ್ದೂ ವರ್ಷ ತುಂಬುವುದರೊಳಗೆ ಹೋದವರಿದ್ದರು. ಆದರೆ ಕಂದಿನವರ ಸಾಲಿನಲ್ಲಿ ಹೋದವರು ಹೆಚ್ಚು. ಔಷಧಿಗೆ ಬಗ್ಗದೆ, ತಡವಾಗಿ ಚೀಲ ತೆಗೆಸಿಕೊಂಡು, ಅಷ್ಟರಲ್ಲಿ ರೋಗ ಬೇರೆ ಕಡೆ ಹೊರಟುಬಿಟ್ಟವರು ಹೆಚ್ಚು. ಅದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅವರ ಗಾಜುಗಳಿಗೆಲ್ಲ ತುದಿಯಲ್ಲಿ ಮಾವನ ಚೂರು ಅಂಟಿಸಿದವಳು ಅವಳು.

ನೋಡದಿದ್ದರೆ ಏನಿದೆ ಎಂದು ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮರುಕ್ಷಣವೇ ಆ ಮಾತು ಅವಳಿಗೆ ಹೇಸಿಗೆಯಾಯಿತು. ನಾಲ್ಕು ವರ್ಷದ ಹಿಂದೆ ಫೋನು ಎತ್ತದ ಮಾವನೂ ಮನಸ್ಸಿನಲ್ಲಿ ಇದನ್ನೇ ಹೇಳಿಕೊಂಡಿರಬೇಕು. ಅವಳೂ ಸುಮ್ಮನಿದ್ದು ಅದಕ್ಕೆ ಹೂಂ ಎಂದಿದ್ದಳು.

ಮರುದಿನ ಲ್ಯಾಬಿನ ಬೀಗ ತೆಗೆದವಳು ಅವಳೇ. ಬಟ್ಟೆ ಒಗೆಯುವ ಯಂತ್ರ ಇನ್ನೂ ಶುರುವಾಗಿರಲಿಲ್ಲ. ಸಿಂಕಿನ ಕೆಳಗಿನ ಗೂಡಿನಲ್ಲಿ, ಮುರಿದ ತಕ್ಕಡಿಯ ಹಿಂದೆ, ಖಾಲಿ ಸೀಸೆಗಳ ಹಿಂದೆ, ರಟ್ಟಿನ ತಟ್ಟೆ ಹಾಗೇ ಇತ್ತು. ದೂಳು ಒರೆಸಿ ತೆರೆದಳು. ಆರು ಗಾಜು, ಒಂದು ಮಾದರಿ. ನಂಬರು ಅವಳದೇ ಅಕ್ಷರ.

ನೋಡದೆ ಹಾಗೇ ಮೇಡಂ ಕೈಗೆ ಕೊಡಬಹುದಿತ್ತು. ಹಾಗೆ ಕೊಟ್ಟರೆ, ಏನು ಬಂದರೂ ತನ್ನ ತಪ್ಪಲ್ಲ ಎಂದುಕೊಳ್ಳಬಹುದಿತ್ತು. ಅವಳು ಮೊದಲು ಮಾದರಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಣ್ಣ ಮಾಸಿರಲಿಲ್ಲ, ಎಲ್ಲಿ ಕಂದಿರಬೇಕೋ ಅಲ್ಲಿ ಕಂದು, ಎಲ್ಲಿ ನೀಲಿಯಿರಬೇಕೋ ಅಲ್ಲಿ ನೀಲಿ. ಆಮೇಲೆ ಮಾವನ ಗಾಜನ್ನಿಟ್ಟಳು.

ಎಣಿಸಬೇಕಾಗಲಿಲ್ಲ. ಮಸೂರದ ತುಂಬ ಕಂದು ಚುಕ್ಕೆ, ಬಿತ್ತಿದ ಹಾಗೆ. ಗಾಜನ್ನು ಸರಿಸಿದಲ್ಲೆಲ್ಲ ಅದೇ. ನಡುವೆ ಅಲ್ಲೊಂದು ಇಲ್ಲೊಂದು ನೀಲಿ, ದಾರಿ ತಪ್ಪಿ ಬಂದಂತೆ.

ಗಾಜನ್ನು ಮಸೂರದ ಕೆಳಗಿನಿಂದ ತೆಗೆದು ಕೈಯಲ್ಲಿ ಹಿಡಿದಳು. ಬೋಸಿ ಅಲ್ಲೇ ಪಕ್ಕದಲ್ಲಿತ್ತು. ಗಾಜು ಕೈ ಜಾರಿ ಬೀಳುವುದು ಈ ಲ್ಯಾಬಿನಲ್ಲಿ ದಿನಕ್ಕೊಂದು ಸಲ ನಡೆಯುವ ಸಂಗತಿ. ಅವಳ ಕೈಯಿಂದ ಮಾತ್ರ ಯಾವತ್ತೂ ಬಿದ್ದಿರಲಿಲ್ಲ.

ಮೇಡಂ ಬಂದು ಕೋಟು ಹಾಕಿಕೊಳ್ಳುವ ಮೊದಲೇ ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಅದು ಯಾವ ದಿನದ್ದು, ಪಕ್ಕದಲ್ಲಿರುವ ಮಾದರಿ ಯಾವುದು, ಎಲ್ಲ ಹೇಳಿದಳು. ಮೇಡಂ ಬಹಳ ಹೊತ್ತು ನೋಡಿದರು. ಎಣಿಸಿದರು. ಪಕ್ಕದ ಕೋಣೆಯ ಡಾಕ್ಟರನ್ನು ಕರೆಸಿ, ಏನೂ ಹೇಳದೆ ಅವರಿಂದಲೂ ಎಣಿಕೆ ಮಾಡಿಸಿದರು. ಅವರು ಹೋದ ಮೇಲೆ ಕೇಳಿದರು:

“ನೋಡಿ ತಂದ್ಯೋ, ನೋಡದೆ ತಂದ್ಯೋ?”

“ನೋಡಿದೆ ಮೇಡಂ.”

“ನಿನ್ನೆ ಸಾಲಲಿಲ್ಲ ಅಂತ ಬರೆದು ಮುಗಿಸ್ತಿದ್ದೆ. ಯಾರೂ ಕೇಳ್ತಿರ್ಲಿಲ್ಲ.”

“ಗೊತ್ತು.”

“ಇದು ಅರ್ಧ ಸತ್ಯ ಮಾತ್ರ ಹೇಳೋ ಪರೀಕ್ಷೆ. ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನೀನು ಈ ಭಾರಾನ ಎಲ್ಲಿಡ್ತೀಯ?”

ಅವಳು ರಿಪೋರ್ಟಿನ ಕಾಗದವನ್ನು ಮೇಡಂ ಮುಂದಕ್ಕೆ ಸರಿಸಿದಳು. ಮೇಡಂ ಅದರಲ್ಲಿ, ಹಳೆಯ ಗಡ್ಡೆಯಲ್ಲಿ ಮಾರ್ಕರ್ ಬಲವಾಗಿ ಕಂಡಿದೆ, ಪರೀಕ್ಷಿಸಿದ್ದು ಹಿಂದೆಯೇ ಬಣ್ಣ ಹಾಕಿದ ಸೀಳು ಎಂದು ಬರೆದು ಸಹಿ ಹಾಕಿದರು. ಗಡಿಬಿಡಿ ಬಂದವಳು ಇಬ್ಬರ ಮುಖವನ್ನೂ ನೋಡಿ, ಹೋಗಿ ಚಹಾ ತಂದಿಟ್ಟಳು.

ಡಾಕ್ಟರು ಕಾಯಲಿಲ್ಲ. ಮುಂದಿನ ವಾರಕ್ಕೇ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಸುದ್ದಿ ಕೇಳಿ ಮಾವ ಏನೂ ಕೂಗಾಡಲಿಲ್ಲ. ರೇಡಿಯೋದ ಸದ್ದು ತಗ್ಗಿಸಿದರು, ಆಮೇಲೆ ಪೂರ್ತಿ ಆರಿಸಿದರು.

ಗಂಡನಿಗೆ ಮಾತ್ರ ಲೆಕ್ಕ ಹತ್ತಲಿಲ್ಲ. “ಅಲ್ವೇ, ಸಾಲಲಿಲ್ಲ ಅಂದಿದ್ಯಲ್ಲ ನೀನು? ರಾತ್ರಿ ಕಳೆಯೋದ್ರೊಳಗೆ ಎಲ್ಲಿಂದ ಬಂತು ಅದು?”

“ಹಳೇದೊಂದು ಗಾಜಿತ್ತಂತೆ. ಸಿಕ್ತು.”

“ಯಾರಿಗೆ ಸಿಕ್ತು?”

ಅವಳು ಬಾಯಿ ತೆರೆಯುವ ಮೊದಲೇ ಮಾವ ಅಡ್ಡ ಬಂದರು. “ಯಾರಿಗೋ ಸಿಕ್ತು, ಬಿಡೋ. ಅಷ್ಟು ದೊಡ್ಡ ಆಸ್ಪತ್ರೇಲಿ ಹುಡುಕೋರಿಗೇನು ಬರ. ಅವಳನ್ನ ಯಾಕೆ ಪ್ರಶ್ನೆ ಕೇಳಿ ಸುಸ್ತು ಮಾಡ್ತೀಯ? ಅವಳ ಕೈಲಾದಷ್ಟು ತಡೆದಳು. ಒಂದು ದಿನ ತಡೆದಳು ನೋಡು, ಆ ಒಂದು ದಿನ ನಾನು ನೆಮ್ಮದಿಯಾಗಿ ಊಟ ಮಾಡಿದೆ.” ಆಮೇಲೆ ಅವಳ ಕಡೆ ತಿರುಗಿ, ದನಿ ತಗ್ಗಿಸಿ, “ನೀನು ಬೇಜಾರು ಮಾಡ್ಕೋಬೇಡ ತಾಯಿ. ನಿನ್ನಿಂದ ಏನಾಗ್ಬೇಕಿತ್ತೋ ಅದನ್ನ ಮಾಡಿದ್ದೀಯ,” ಎಂದರು.

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅತ್ತೆ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟರು. ದುಃಖಕ್ಕೆ ಎಂದುಕೊಂಡಿರಬೇಕು.

ಶಸ್ತ್ರಚಿಕಿತ್ಸೆ ನಡೆದ ಆರು ಗಂಟೆ ಹೊತ್ತೂ ಅವಳು ಕಾಯುವ ಕೋಣೆಯಲ್ಲಿ ಕೂರಲಿಲ್ಲ, ಲ್ಯಾಬಿಗೂ ಹೋಗಲಿಲ್ಲ. ಎರಡರ ನಡುವಿನ ಓಣಿಯಲ್ಲಿ, ಕೊಳೆಬಟ್ಟೆಯ ಗಾಡಿಗಳು ನಿಲ್ಲುವ ಕಡೆ, ಗೋಡೆಗೊರಗಿ ನಿಂತಿದ್ದಳು. ಮಾವನನ್ನು ಹೊರಗೆ ತಂದಾಗ ಅವರ ಮುಖ ಹಳದಿಯಾಗಿತ್ತು, ತುಟಿ ಒಣಗಿತ್ತು. ಹೊದಿಕೆಯ ಕೆಳಗೆ ಹೊಟ್ಟೆಯ ಬಲಕ್ಕೆ ಹೊಸ ಉಬ್ಬು ಕಾಣುತ್ತಿತ್ತು. ಎಲ್ಲ ಸರಿಯಾಗಿ ಆಯಿತು ಎಂದರು ಡಾಕ್ಟರು. ಸರಿಯಾಗಿ ಆಗಿದೆಯೋ ಇಲ್ಲವೋ ಎನ್ನುವುದು ವರ್ಷಗಳ ಮಾತು ಎಂದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮೂರನೆಯ ದಿನ ಮಾವ ಚೆನ್ನಾಗಿ ಮಾತಾಡುವಷ್ಟಾದರು. ನರ್ಸು ಚೀಲ ಬದಲಿಸುವುದನ್ನು ಅತ್ತೆಗೆ ತೋರಿಸುತ್ತಿದ್ದಳು. ಅತ್ತೆ ಕನ್ನಡಕ ಹಾಕಿಕೊಂಡು, ಹೊಲಿಗೆ ಕಲಿಯುವವರ ಹಾಗೆ ಬಾಗಿ ನೋಡುತ್ತಿದ್ದರು. ಮಾವ ಮುಖ ಆ ಕಡೆ ತಿರುಗಿಸಿಕೊಂಡು ಸೊಸೆಯ ಕೈ ಹಿಡಿದರು.

“ಒಂದು ಕೇಳ್ತೀನಿ, ನಿಜ ಹೇಳು. ಆ ಹಳೇ ಗಾಜು ಸಿಗದೇ ಇದ್ದಿದ್ರೆ ಇದು ಬೇಕಿರ್ಲಿಲ್ಲ ಅಲ್ವಾ?”

“ಗೊತ್ತಿಲ್ಲ ಮಾವ,” ಎಂದಳು. ಅಷ್ಟರ ಮಟ್ಟಿಗೆ ಅದು ನಿಜವೇ ಆಗಿತ್ತು.

“ಹುಡುಕಿದವರ ಮೇಲೆ ನನಗೆ ಸಿಟ್ಟಿಲ್ಲ ಬಿಡು. ಇದೆ, ಸ್ವಲ್ಪ ಇದೆ,” ಎಂದು ಅವರು ಕಣ್ಣು ಮುಚ್ಚಿದರು.

ಹೇಳಿಬಿಡಬೇಕು ಎನಿಸಿತು. ಹುಡುಕಿದವಳು ನಾನೇ, ನೋಡಿಯೇ ತಂದೆ, ನಾಲ್ಕು ವರ್ಷ ನಿಮ್ಮನ್ನು ಸೀಳಿದವಳೂ ನಾನೇ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮೊದಲು ಹಗುರಾಗುವವಳು ತಾನು. ಅವರು ಬದುಕಿ ಉಳಿದರೆ ಅದು ಹೊಗಳಿಕೆ ಕೇಳಿ ಪಡೆದಂತೆ, ಉಳಿಯದಿದ್ದರೆ ಕ್ಷಮೆಯನ್ನು ಮುಂಗಡ ಪಡೆದಂತೆ. ಎರಡೂ ಅವರು ಕೊಡಬೇಕಾದದ್ದೇ. ಇಷ್ಟು ಕೊಟ್ಟ ಮನುಷ್ಯನ ಹತ್ತಿರ ಇನ್ನೇನು ಕೇಳುವುದು?

ನರ್ಸು ಕರೆದಳು, “ಬನ್ನಿ, ನೀವೂ ಒಂದು ಸಲ ನೋಡ್ಕೊಳ್ಳಿ. ಮನೇಲಿ ಇಬ್ಬರಿಗಾದ್ರೂ ಗೊತ್ತಿರಬೇಕು.”

ಅವಳು ಕೈ ಬಿಡಿಸಿಕೊಂಡು ಎದ್ದಳು. ಅತ್ತೆಗಾಗಲಿ ಗಂಡನಿಗಾಗಲಿ ಮಾವನಿಗಾಗಲಿ, ಇನ್ನು ಯಾವತ್ತೂ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡು, ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದಳು.